ಹಳೆಯ ಸ್ವಿಫ್ಟೋ, ಹೊಸ ಸ್ವಿಫ್ಟೋ: ಗಡಿಭಾಗದ ಕುಟುಂಬಗಳು ಕಾರು ಕೊಳ್ಳುವ ಮುನ್ನ

ಪಾಲಕರ ಸಭೆಗಳಲ್ಲಿ ಪಠ್ಯಪುಸ್ತಕ, ಶಿಕ್ಷಕರ ಹುದ್ದೆ, ಮುಂದಿನ ತರಗತಿಯ ಮಾಧ್ಯಮ ಇವುಗಳ ಚರ್ಚೆ ಮುಗಿದ ಬಳಿಕ ಶಾಲೆಯ ಅಂಗಳದಲ್ಲಿ ನಿಂತು ಆಡುವ ಮಾತುಗಳಲ್ಲಿ ಈಚೆಗೆ ಕಾರಿನ ವಿಷಯ ಪದೇ ಪದೇ ಬರುತ್ತಿದೆ. ಇದು ಬರೀ ಶೋಕಿಯ ಮಾತಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಕುಟುಂಬಗಳ ಬದುಕು ಗಡಿಯ ಎರಡೂ ಕಡೆ ಹರಡಿಕೊಂಡಿದೆ. ಇಲ್ಲಿ ಕನ್ನಡದಲ್ಲಿ ಓದಿದ ಮಗಳು ಮುಂದಿನ ಓದಿಗೆ ರಾಯಚೂರಿಗೋ ಯಾದಗಿರಿಗೋ ಹೋಗುತ್ತಾಳೆ. ಅಜ್ಜಿಯ ಕಣ್ಣಿನ ಚಿಕಿತ್ಸೆ ರಾಯಚೂರಿನಲ್ಲಿ ನಡೆಯುತ್ತದೆ, ಬೀಗರು ಗುರುಮಠಕಲ್‌ನಲ್ಲಿರುತ್ತಾರೆ, ಕಚೇರಿಯ ಕೆಲಸ ಮಹಬೂಬ್‌ನಗರಕ್ಕೋ ಹೈದರಾಬಾದಿಗೋ ಎಳೆಯುತ್ತದೆ. ಮಂತ್ರಾಲಯ, ಕುರವಪುರಗಳ ಯಾತ್ರೆ ಬೇರೆ. ಇಬ್ಬರು ಮಕ್ಕಳು ದೊಡ್ಡವರಾದ ಮೇಲೆ ಈ ಓಡಾಟವನ್ನೆಲ್ಲ ಮೋಟಾರ್‌ಸೈಕಲ್ಲಿನ ಮೇಲೆ ನಡೆಸುವುದು ಆಗದ ಮಾತು.

ಹೀಗೆ ಕಾರು ಹುಡುಕುವ ಮನೆಗಳಲ್ಲಿ ಹತ್ತಕ್ಕೆ ಆರೇಳು ಮನೆಯವರು ಕೇಳುವ ಹೆಸರು ಒಂದೇ: ಮಾರುತಿ ಸುಜುಕಿ ಸ್ವಿಫ್ಟ್. ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ನಮ್ಮ ಮುಂದೆ ಬರುತ್ತದೆ. ರಾಯಚೂರಿನಲ್ಲಿ ಹಳೆಯ ಡೀಸೆಲ್ ಸ್ವಿಫ್ಟ್ ಕಡಿಮೆ ಬೆಲೆಗೆ ಸಿಗುತ್ತಿದೆ, ಗಾಡಿ ಬಹಳ ಜೋರಾಗಿ ಓಡುತ್ತದೆ ಎನ್ನುತ್ತಾರೆ. ಅದನ್ನು ಕೊಳ್ಳಬೇಕೋ, ಸಾಲ ಮಾಡಿ ಹೊಸದನ್ನೇ ತರಬೇಕೋ? ಈ ಪ್ರಶ್ನೆಗೆ ಉತ್ತರ ಎಂಜಿನ್ನಿನಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಕಾಗದಪತ್ರಗಳಲ್ಲಿದೆ, ಮತ್ತು ಗಡಿಭಾಗದವರಾದ ನಮಗೆ ಆ ಅರ್ಧವೇ ದುಬಾರಿ.

ವೇಗದ ಕುಟುಂಬ ಕಾರು ಎಂದರೆ ಬೇರೆ ಜಾತಿಯ ವಾಹನಗಳೂ ಇವೆ. 2025ರಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ ಎಂಬ 265 ಅಶ್ವಶಕ್ತಿಯ ಕಾರನ್ನು ಭಾರತಕ್ಕೆ 100 ಮಾತ್ರ ತಂದಿತು. ಬೆಲೆ ಸುಮಾರು 50 ಲಕ್ಷ. ಅದು ನಮ್ಮ ರಸ್ತೆಯ ಮಾತೂ ಅಲ್ಲ, ನಮ್ಮ ಜೇಬಿನ ಮಾತೂ ಅಲ್ಲ. ಸಾಧಾರಣ ಮನೆಯವರ ಕೈಗೆಟಕುವ ಚುರುಕಿನ ಕಾರು ಎಂಬ ಹೆಸರನ್ನು ಈ ದೇಶದಲ್ಲಿ ಇಪ್ಪತ್ತು ವರ್ಷಗಳಿಂದ ಉಳಿಸಿಕೊಂಡು ಬಂದಿರುವುದು ಸ್ವಿಫ್ಟ್. ಹೆಸರಿನ ಅರ್ಥವೇ ಅದು.

ನಾಲ್ಕು ತಲೆಮಾರುಗಳು

ಭಾರತದಲ್ಲಿ ಸ್ವಿಫ್ಟ್ ಮೊದಲು ಬಂದದ್ದು 2005ರಲ್ಲಿ. ಎರಡನೆಯ ತಲೆಮಾರು 2011ರಲ್ಲಿ, ಮೂರನೆಯದು 2018ರಲ್ಲಿ, ನಾಲ್ಕನೆಯದು 2024ರ ಮೇ ತಿಂಗಳಲ್ಲಿ. ಮೊದಲ ತಲೆಮಾರಿನದು 1.3 ಲೀಟರ್ ಪೆಟ್ರೋಲ್ ಎಂಜಿನ್. 2007ರಲ್ಲಿ ಫಿಯೆಟ್ ಕಂಪನಿಯ ತಂತ್ರಜ್ಞಾನದ 1.3 ಲೀಟರ್ ಡೀಸೆಲ್ ಎಂಜಿನ್ ಸೇರಿತು. ಈ ಡೀಸೆಲ್ ಎಂಜಿನ್ ಮುಂದೆ ಎರಡನೆಯ ಮತ್ತು ಮೂರನೆಯ ತಲೆಮಾರುಗಳಲ್ಲೂ ಮುಂದುವರಿದು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ನಿಂತುಹೋಯಿತು. ಆದ್ದರಿಂದ ಇಂದು ಯಾರಾದರೂ ಡೀಸೆಲ್ ಸ್ವಿಫ್ಟ್ ಮಾರುತ್ತಿದ್ದರೆ ಅದು 2020ಕ್ಕಿಂತ ಹಿಂದಿನದೇ. ‘ಕಡಿಮೆ ಓಡಿದೆ’ ಎಂಬ ಮಾತನ್ನು ಕೇಳುವಾಗ ಇದು ನೆನಪಿರಲಿ.

ಮೂರನೆಯ ತಲೆಮಾರಿನಲ್ಲಿ ಕಾರಿನ ತಳಹದಿಯೇ ಬದಲಾಯಿತು. ಹಾರ್ಟೆಕ್ಟ್ ಎಂಬ ಹೊಸ ಚೌಕಟ್ಟಿನಿಂದ ಪೆಟ್ರೋಲ್ ಕಾರಿನ ತೂಕ 900 ಕೆ.ಜಿ.ಗಿಂತ ಕೆಳಗಿಳಿಯಿತು, ಮೊದಲ ತಲೆಮಾರಿನದು ಸುಮಾರು 1000 ಕೆ.ಜಿ. ಇತ್ತು. ಸಾಮಾನು ಇಡುವ ಡಿಕ್ಕಿಯ ಜಾಗ 204 ಲೀಟರಿನಿಂದ 268 ಲೀಟರಿಗೆ ಏರಿತು. ಎರಡನೆಯ ತಲೆಮಾರಿನ ಸ್ವಿಫ್ಟಿನಲ್ಲಿ ಹಾಸ್ಟೆಲಿಗೆ ಹೋಗುವ ಮಗುವಿನ ಟ್ರಂಕು, ಹಾಸಿಗೆಯ ಸುರುಳಿ ಎರಡನ್ನೂ ಇಡಲು ಹೆಣಗಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2021ರಲ್ಲಿ ಇದೇ ತಲೆಮಾರಿಗೆ ಸುಧಾರಿತ 1.2 ಲೀಟರ್ ಎಂಜಿನ್ ಬಂದು ಶಕ್ತಿ 83ರಿಂದ 90 ಅಶ್ವಶಕ್ತಿಗೆ ಹೆಚ್ಚಿತು, ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23 ಕಿ.ಮೀ. ದಾಟಿತು.

2024ರ ಹೊಸ ಸ್ವಿಫ್ಟಿನಲ್ಲಿ ನಾಲ್ಕು ಸಿಲಿಂಡರಿನ ಬದಲು ಮೂರು ಸಿಲಿಂಡರಿನ ಎಂಜಿನ್ ಇದೆ. ಶಕ್ತಿ ಸುಮಾರು 82 ಅಶ್ವಶಕ್ತಿ. ಮೈಲೇಜ್ ಕೈಗೇರಿನ ಮಾದರಿಗೆ 24.80, ಸ್ವಯಂಗೇರಿನ ಮಾದರಿಗೆ 25.75 ಕಿ.ಮೀ. ಎಂಬುದು ಕಂಪನಿಯ ಅಂಕಿ. ಎಂದರೆ, ಓದುಗರು ಗಮನಿಸಬೇಕಾದ ಸಂಗತಿ ಇದು: ಹೊಸದೇ ಹೆಚ್ಚು ವೇಗದ್ದಲ್ಲ. ತೂಕಕ್ಕೆ ಹೋಲಿಸಿದರೆ 2021ರಿಂದ 2024ರವರೆಗಿನ ಸ್ವಿಫ್ಟ್ ಪ್ರತಿ ಟನ್ನಿಗೆ ಸುಮಾರು 100 ಅಶ್ವಶಕ್ತಿ ಕೊಡುತ್ತದೆ; ಹೊಸದು 90ರ ಹತ್ತಿರ ನಿಲ್ಲುತ್ತದೆ. ಹೊಸ ಎಂಜಿನ್ ಊರೊಳಗೆ ಸರಾಗವಾಗಿ ಎಳೆಯುತ್ತದೆ, ಇಂಧನ ಉಳಿಸುತ್ತದೆ. ಆದರೆ ಹೆದ್ದಾರಿಯಲ್ಲಿ ಒತ್ತಿ ಓಡಿಸುವವರಿಗೆ ಹಳೆಯ ನಾಲ್ಕು ಸಿಲಿಂಡರಿನ ನಯ ಅದರಲ್ಲಿ ಸಿಗುವುದಿಲ್ಲ.

ವೇಗ ಎಲ್ಲಿ ಬೇಕಾಗುತ್ತದೆ

ಡೀಸೆಲ್ ಸ್ವಿಫ್ಟಿನ ಖ್ಯಾತಿಗೆ ಕಾರಣವಿದೆ. ಅದರ ಅಶ್ವಶಕ್ತಿ 75 ಮಾತ್ರ, ಪೆಟ್ರೋಲಿಗಿಂತ ಕಡಿಮೆ. ಆದರೆ ಎಳೆಯುವ ಬಲ, ಅಂದರೆ ಟಾರ್ಕ್, 190 ನ್ಯೂಟನ್ ಮೀಟರ್. ಅದೂ ಎಂಜಿನ್ ನಿಮಿಷಕ್ಕೆ 2000 ಸುತ್ತು ಸುತ್ತುವಾಗಲೇ ದೊರೆಯುತ್ತದೆ. ಪೆಟ್ರೋಲ್ ಎಂಜಿನ್ನಿನ ಟಾರ್ಕ್ 113, ಅದು ಪೂರ್ತಿಯಾಗಿ ಸಿಗಬೇಕಾದರೆ 4000 ಸುತ್ತು ದಾಟಬೇಕು. ಐದು ಜನ ಕುಳಿತು ಎಸಿ ಹಾಕಿಕೊಂಡು ಮಕ್ತಲ್‌ನಿಂದ ರಾಯಚೂರಿನತ್ತ ಹೊರಟಾಗ ಡೀಸೆಲ್ ಕಾರು ನಾಲ್ಕನೆಯ ಗೇರಿನಲ್ಲೇ ಲಾರಿಯನ್ನು ದಾಟುತ್ತದೆ. ಪೆಟ್ರೋಲ್ ಕಾರನ್ನು ಮೂರನೆಯ ಗೇರಿಗೆ ಇಳಿಸಿ ಒತ್ತಬೇಕಾಗುತ್ತದೆ. ಈ ಅನುಭವವೇ ‘ಹಳೆಯದು ಜೋರು’ ಎಂಬ ಮಾತಿನ ಮೂಲ.

ಆದರೆ ಲಾರಿ ದಾಟುವ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು. ಲಾರಿ ಗಂಟೆಗೆ 50 ಕಿ.ಮೀ. ವೇಗದಲ್ಲಿದೆ, ನಾವು 70ರಲ್ಲಿದ್ದೇವೆ. ವ್ಯತ್ಯಾಸ 20 ಕಿ.ಮೀ., ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಹಿಂದಿನ ಅಂತರ, ಲಾರಿಯ ಉದ್ದ, ಮುಂದಿನ ಅಂತರ ಎಲ್ಲ ಸೇರಿ 40 ಮೀಟರ್ ಎಂದಿಟ್ಟುಕೊಂಡರೆ ದಾಟಲು ಸುಮಾರು 7 ಸೆಕೆಂಡು ಬೇಕು. ಆ 7 ಸೆಕೆಂಡಿನಲ್ಲಿ ನಾವು ಸುಮಾರು 140 ಮೀಟರ್ ಮುಂದೆ ಹೋಗಿರುತ್ತೇವೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ 140 ಮೀಟರ್ ಬಂದಿರುತ್ತದೆ. ಹಾಗಾಗಿ ಕನಿಷ್ಠ 280 ಮೀಟರ್ ರಸ್ತೆ ಖಾಲಿ ಕಾಣಬೇಕು. ಎಂಜಿನ್ ಎಷ್ಟೇ ಚುರುಕಾದರೂ ಉಳಿಯುವುದು ಒಂದೆರಡು ಕ್ಷಣ. ಕಾಣದ ತಿರುವನ್ನು ಅದು ತೋರಿಸಲಾರದು. ಅಲ್ಲದೆ 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಗರಿಷ್ಠ 100 ಕಿ.ಮೀ., ವಿಭಜಕವಿಲ್ಲದ ಇತರ ರಸ್ತೆಗಳಲ್ಲಿ ಗರಿಷ್ಠ 70 ಕಿ.ಮೀ.; ರಾಜ್ಯಗಳು ಇದಕ್ಕಿಂತ ಕಡಿಮೆ ಮಾಡಬಹುದು. ಗದ್ವಾಲ್‌ನವರು ಎರ್ರವಲ್ಲಿ ಚೌರಸ್ತಾ ತಲುಪಿ 44ನೆಯ ಹೆದ್ದಾರಿ ಹಿಡಿದಾಗ ಮಾತ್ರ 100ರ ಮಾತು. ನಾರಾಯಣಪೇಟೆಯಿಂದ ಊಟ್ಕೂರಿನ ಮೇಲೆ ಮಕ್ತಲ್‌ಗೆ ಬರುವ ದಾರಿಯಲ್ಲಿ ಯಾವ ತಲೆಮಾರಿನ ಸ್ವಿಫ್ಟ್ ಆದರೂ ಸಾಕಾಗುವಷ್ಟು ಚುರುಕಾಗಿಯೇ ಇದೆ. ಆದುದರಿಂದ ವೇಗದ ಕಾರಣಕ್ಕಾಗಿ ಹಳೆಯ ಡೀಸೆಲ್ ಕಾರಿಗೆ ಹೆಚ್ಚು ಹಣ ಕೊಡುವುದನ್ನು ನಾವು ಒಪ್ಪುವುದಿಲ್ಲ.

ಹಿಂದಿನ ಸೀಟಿನಲ್ಲಿ ಕುಳಿತವರು

ತಲೆಮಾರುಗಳ ನಡುವಿನ ನಿಜವಾದ ಅಂತರ ಇರುವುದು ಸುರಕ್ಷತೆಯಲ್ಲಿ. ಎರಡನೆಯ ತಲೆಮಾರಿನ ಕೆಳಗಿನ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಅಪಘಾತ ಪರೀಕ್ಷೆಗೆ ಒಳಪಡಿಸಿದಾಗ ಸಿಕ್ಕಿದ್ದು ಶೂನ್ಯ ನಕ್ಷತ್ರ. 2018ರಲ್ಲಿ ಎರಡು ಏರ್‌ಬ್ಯಾಗಿನ ಮೂರನೆಯ ತಲೆಮಾರಿಗೆ ಸಿಕ್ಕಿದ್ದು 2 ನಕ್ಷತ್ರ. 2022ರ ಕೊನೆಯಲ್ಲಿ ಹೆಚ್ಚು ಕಠಿಣ ನಿಯಮಗಳಡಿ ಮತ್ತೆ ಪರೀಕ್ಷಿಸಿದಾಗ ಅದೇ ತಲೆಮಾರಿಗೆ 1 ನಕ್ಷತ್ರ ಮಾತ್ರ. ಇದನ್ನು ಮುಚ್ಚಿಟ್ಟು ಯಾವ ಹಳೆಯ ಸ್ವಿಫ್ಟನ್ನೂ ನಾವು ಹೊಗಳಲಾರೆವು.

ಆದರೂ ಮೂರನೆಯ ತಲೆಮಾರು ಒಂದು ಗೆರೆ ಎಳೆಯಿತು. 2018ರಿಂದ ಎಲ್ಲ ಮಾದರಿಗಳಲ್ಲೂ ಮುಂದಿನ ಇಬ್ಬರಿಗೆ ಏರ್‌ಬ್ಯಾಗ್, ಎಬಿಎಸ್ ಬ್ರೇಕು, ಮಗುವಿನ ಸೀಟನ್ನು ಗಟ್ಟಿಯಾಗಿ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಬಂದವು. ಎರಡನೆಯ ತಲೆಮಾರಿನಲ್ಲಾದರೆ ಆ ನಿರ್ದಿಷ್ಟ ಕಾರಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಸ್ಟಿಯರಿಂಗ್ ಮೇಲೆ ಏರ್‌ಬ್ಯಾಗಿನ ಗುರುತು ಇರಬೇಕು, ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲ ಕ್ಷಣಗಳಲ್ಲಿ ಆರಬೇಕು. ಹೊತ್ತದೇ ಇದ್ದರೂ, ಆರದೇ ಇದ್ದರೂ ಅದು ದೋಷ. ದೀಪವನ್ನೇ ಕತ್ತರಿಸಿ ಮಾರಿದ ಗಾಡಿಗಳೂ ಇರುತ್ತವೆ.

2024ರ ಸ್ವಿಫ್ಟಿನಲ್ಲಿ ಆರಂಭದ ಮಾದರಿಯಿಂದಲೇ ಆರು ಏರ್‌ಬ್ಯಾಗ್, ಕಾರು ಜಾರಿದಾಗ ಚಕ್ರಗಳನ್ನು ಬೇರೆಬೇರೆಯಾಗಿ ಹಿಡಿದು ನಿಲ್ಲಿಸುವ ಇಎಸ್‌ಪಿ, ಐದೂ ಸೀಟುಗಳಿಗೆ ಹೆಗಲಿನ ಮೇಲೆ ಹಾಯುವ ಸೀಟ್‌ಬೆಲ್ಟ್ ಇವೆ. ಮೊದಲಿನ ಕಾರುಗಳಲ್ಲಿ ಹಿಂದಿನ ನಡುವಿನ ಸೀಟಿಗೆ ಸೊಂಟದ ಪಟ್ಟಿ ಮಾತ್ರ ಇತ್ತು. ಆ ನಡುವಿನ ಸೀಟು ನಮ್ಮ ಮನೆಗಳಲ್ಲಿ ಯಾರದ್ದು? ಸಾಮಾನ್ಯವಾಗಿ ಕೊನೆಯ ಮಗುವಿನದ್ದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಬಿಗಿಯದೆ ಕರೆದೊಯ್ಯುವ ಚಾಲಕನಿಗೆ 1000 ರೂಪಾಯಿ ದಂಡ ವಿಧಿಸುತ್ತದೆ. ದಂಡದ ಭಯಕ್ಕಿಂತ ಮಗುವಿನ ಎದೆಯ ಮೇಲೆ ಪಟ್ಟಿ ಇದೆಯೇ ಎಂಬುದು ಮುಖ್ಯ.

ಹೊಸ ಸ್ವಿಫ್ಟಿನ ಬಳಗದ್ದೇ ಆದ ಹೊಸ ಡಿಜೈರ್ 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪಿನಿಂದ ವಯಸ್ಕರ ರಕ್ಷಣೆಗೆ 5, ಮಕ್ಕಳ ರಕ್ಷಣೆಗೆ 4 ನಕ್ಷತ್ರ ಪಡೆಯಿತು. ಆ ನಕ್ಷತ್ರಗಳು ಡಿಜೈರಿನವು. ಸ್ವಿಫ್ಟ್ ಮಾರುವವರು ಅವುಗಳನ್ನು ತಮ್ಮದೆಂದು ಹೇಳಿದರೆ ನಂಬಬೇಕಾಗಿಲ್ಲ.

ಕೃಷ್ಣೆಯ ಆಚೆಯ ಅಗ್ಗದ ಗಾಡಿ

ಈಗ ಕಾಗದದ ಮಾತಿಗೆ ಬರೋಣ. ‘ಗಾಡಿ ಮಸ್ತ್ ಅದರಿ ಸಾರ್, ನಂಬರು ಅಷ್ಟೇ ಕರ್ನಾಟಕದ್ದು’ ಎಂಬ ಮಾತನ್ನು ದೇವಸೂಗೂರಿನ ಸೇತುವೆಯ ಆಚೆ ಕಾರು ನೋಡಲು ಹೋದವರೆಲ್ಲ ಕೇಳಿರುತ್ತಾರೆ. ಕೆಎ-36 ಎಂದರೆ ರಾಯಚೂರು, ಕೆಎ-33 ಎಂದರೆ ಯಾದಗಿರಿ. ಭಾಷೆ ಒಂದೇ, ಬಂಧುಬಳಗ ಒಂದೇ, ಮಾರುವವನು ಸೋದರಮಾವನ ಗೆಳೆಯ. ಬಾಂಡ್ ಪೇಪರಿನ ಮೇಲೆ ಕನ್ನಡದಲ್ಲೇ ಒಪ್ಪಂದ ಬರೆದು, ಕೈಗೆ ಕೀಲಿ ಕೊಟ್ಟು, ‘ಹೆಸರು ಆಮೇಲೆ ಮಾಡಿಸಿಕೊಂಡರಾಯಿತು’ ಎನ್ನುತ್ತಾರೆ. ಆ ‘ಆಮೇಲೆ’ಯೇ ತೊಂದರೆಯ ಬೀಜ.

ಕಾನೂನು ಹೇಳುವುದು ಹೀಗಿದೆ. ಕಾಯ್ದೆಯ 50ನೆಯ ಕಲಮಿನ ಪ್ರಕಾರ ಕೊಂಡವರು 30 ದಿನಗಳೊಳಗೆ ತಮ್ಮ ವಾಸಸ್ಥಳದ ನೋಂದಣಿ ಪ್ರಾಧಿಕಾರಕ್ಕೆ ಮಾಲೀಕತ್ವದ ವರ್ಗಾವಣೆಯನ್ನು ತಿಳಿಸಬೇಕು. ಬೇರೆ ರಾಜ್ಯಕ್ಕೆ ಹೋಗುವ ವಾಹನವಾದರೆ ಮಾರಿದವರು 45 ದಿನಗಳೊಳಗೆ ತಿಳಿಸಬೇಕು, ಮತ್ತು ಮೂಲ ಕಚೇರಿಯಿಂದ 48ನೆಯ ಕಲಮಿನಡಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. 47ನೆಯ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಚಹದ ಅಂಗಡಿಯಲ್ಲಿ ಕೇಳುವ ‘ಒಂದು ವರ್ಷ ಯಾರೂ ಕೇಳುವುದಿಲ್ಲ’ ಎಂಬ ಮಾತು ಈ ಕೊನೆಯ ಕಲಮಿನ ಅರ್ಧಂಬರ್ಧ ಓದು. ಆ ಒಂದು ವರ್ಷ ಹೊಸ ಸಂಖ್ಯೆಗೆ ಸಂಬಂಧಿಸಿದ್ದು. ಮಾಲೀಕನ ಹೆಸರು ಬದಲಾಯಿಸಲು ಒಂದು ವರ್ಷದ ರಿಯಾಯಿತಿ ಇಲ್ಲ. ರಾಜ್ಯದ ತೆರಿಗೆಯ ಹೊಣೆಯೂ ಬೇರೆಯೇ.

ತೆರಿಗೆಯೇ ದೊಡ್ಡ ಮೊತ್ತ. ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್ ಕರ್ನಾಟಕಕ್ಕೆ ಮಾತ್ರ. ಕಾರು ಇಲ್ಲಿ ಹೊಸ ಸಂಖ್ಯೆ ಪಡೆಯುವಾಗ ಅದರ ಮೂಲ ಬೆಲೆ ಮತ್ತು ವಯಸ್ಸಿನ ಲೆಕ್ಕದಲ್ಲಿ ತೆಲಂಗಾಣಕ್ಕೆ ಮತ್ತೆ ಕಟ್ಟಬೇಕು. ಉಳಿದ ಅವಧಿಯ ತೆರಿಗೆಯನ್ನು ಕರ್ನಾಟಕದಿಂದ ಹಿಂಪಡೆಯಲು ಅರ್ಜಿ ಹಾಕಬಹುದು. ಆದರೆ ಅದು ಹಳೆಯ ಮಾಲೀಕರ ಸಹಿ, ದಾಖಲೆಗಳಿಲ್ಲದೆ ಸಾಗುವ ಕೆಲಸವಲ್ಲ. ಆ ಹಣ ಬಂದರೆ ಯಾರಿಗೆ ಸೇರಬೇಕೆಂಬುದನ್ನು ಕೊಳ್ಳುವ ದಿನವೇ ಒಪ್ಪಂದದಲ್ಲಿ ಬರೆಸದಿದ್ದರೆ ಮುಂದೆ ಜಗಳ ತಪ್ಪದು. ಆದ್ದರಿಂದ ಕೆಎ ಸಂಖ್ಯೆಯ ಕಾರಿನ ಬೆಲೆ ಕೇಳಿದಾಗ, ಮಾರುವವರು ಹೇಳಿದ ಬೆಲೆಗೆ ಇಲ್ಲಿನ ತೆರಿಗೆ, ನೋಂದಣಿ ಶುಲ್ಕ, ಎರಡು ಊರುಗಳ ಓಡಾಟದ ಖರ್ಚು ಸೇರಿಸಿಯೇ ಇಲ್ಲಿನ ಟಿಎಸ್ ಅಥವಾ ಟಿಜಿ ಸಂಖ್ಯೆಯ ಕಾರಿನೊಂದಿಗೆ ಹೋಲಿಸಬೇಕು. ಹಾಗೆ ಹೋಲಿಸಿದಾಗ ಅಗ್ಗದ ಗಾಡಿ ಹಲವು ಸಲ ಅಗ್ಗವಾಗಿ ಉಳಿಯುವುದಿಲ್ಲ. ಕಾರು ಹೊಸದಾದಷ್ಟೂ ಈ ತೆರಿಗೆಯ ಭಾರ ಹೆಚ್ಚು ಎಂಬುದೂ ಗಮನದಲ್ಲಿರಲಿ.

ನಮ್ಮ ಬಳಗದಲ್ಲೇ ಒಂದು ಮನೆಯವರು ಇದನ್ನು ಅನುಭವಿಸಿದ್ದಾರೆ. ಗಡಿಯಾಚೆ ಕೊಂಡ ಕಾರಿನ ಆರ್‌ಸಿಯಲ್ಲಿ ಹಿಂದಿನ ಸಾಲದ ನಮೂದು ಹಾಗೆಯೇ ಉಳಿದಿತ್ತು. ಸಾಲ ತೀರಿತ್ತು, ಆದರೆ ಸಾಲ ಕೊಟ್ಟವರಿಂದ ಪತ್ರ ಪಡೆದು ನಮೂದು ಅಳಿಸಿರಲಿಲ್ಲ. ಅದು ಅಳಿಯುವವರೆಗೆ ಎನ್‌ಒಸಿ ಸಿಗದು. ಮಾರಿದವರು ಅಷ್ಟರಲ್ಲಿ ಕೆಲಸಕ್ಕಾಗಿ ದೂರದೂರಿಗೆ ಹೋಗಿದ್ದರು, ಫೋನು ಎತ್ತುವುದು ವಾರಕ್ಕೊಮ್ಮೆ. ಮಗನ ಹತ್ತನೆಯ ತರಗತಿಯ ಪರೀಕ್ಷೆಯ ವರ್ಷ ಪೂರ್ತಿ ಆ ಮನೆಯ ಯಜಮಾನರು ರಾಯಚೂರಿಗೆ ಓಡಾಡಿದರು. ಕಾರಿನಲ್ಲಿ ಅಲ್ಲ, ಬಸ್ಸಿನಲ್ಲಿ. ಕಾಗದ ಸರಿಯಿಲ್ಲದ ಕಾರನ್ನು ಗಡಿ ದಾಟಿಸಲು ಅವರಿಗೆ ಧೈರ್ಯವಿರಲಿಲ್ಲ.

ಆ ಹಿಂಜರಿಕೆ ಸರಿಯೇ ಆಗಿತ್ತು. ವಿಮೆಯ ಮಾತು ನೋಡಿ. ವಾಹನ ಕೈ ಬದಲಾದಾಗ ಮೂರನೆಯವರಿಗೆ ಆಗುವ ಹಾನಿಯ ವಿಮೆ ಹೊಸ ಮಾಲೀಕರಿಗೆ ವರ್ಗವಾದಂತೆಯೇ ಎಂದು ಕಾಯ್ದೆ ಭಾವಿಸುತ್ತದೆ. 14 ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಬೇಕೆಂದೂ ಹೇಳುತ್ತದೆ. ನಮ್ಮ ಕಾರಿಗೇ ಆದ ಹಾನಿಯ ವಿಮೆ ಹಾಗೆ ತಾನಾಗಿ ವರ್ಗವಾಗುವುದಿಲ್ಲ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ. ಅದರ ವ್ಯತ್ಯಾಸದ ಹಣವನ್ನು ಕೊಂಡವರು ಕಟ್ಟಬೇಕು. ಮಾರುವವರಿಗೂ ಇದರಲ್ಲಿ ಅಪಾಯವಿದೆ. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸ್ಪಷ್ಟಪಡಿಸಿದೆ; ಮಾರಿ ಕೈತೊಳೆದುಕೊಂಡೆ ಎಂಬ ವಾದ ನಿಲ್ಲದು. ಹಳೆಯ ಕಾರು ಮಾರಿ ಹೊಸದು ತರುವ ನಮ್ಮ ಓದುಗರು ಇದನ್ನು ಎರಡು ಬಾರಿ ಓದಿಕೊಳ್ಳಲಿ.

ಕೆಎ ಗಾಡಿಯನ್ನೇ ಕೊಳ್ಳುವುದಾದರೆ ಕ್ರಮ ಹೀಗಿರಲಿ. ಮುಂಗಡ ಕೊಡುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿ ಇವರು ಎಷ್ಟನೆಯ ಮಾಲೀಕರು, ಸಾಲದ ನಮೂದು ಇದೆಯೇ, ವಿಮೆ ಎಂದಿನವರೆಗೆ, ಬಾಕಿ ದಂಡಗಳೆಷ್ಟು ಎಂದು ನೋಡಬೇಕು. ಎನ್‌ಒಸಿಗೆ 28ನೆಯ ನಮೂನೆ, ವರ್ಗಾವಣೆಗೆ 29 ಮತ್ತು 30, ಸಾಲದ ನಮೂದು ಅಳಿಸಲು 35, ಇಲ್ಲಿ ಹೊಸ ಸಂಖ್ಯೆಗೆ 27. ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚನ್ನು ನಿಮ್ಮ ಕಣ್ಣೆದುರಿಗೇ ತೆಗೆಸಿ ಆರ್‌ಸಿಯೊಂದಿಗೆ ತಾಳೆ ನೋಡಬೇಕು. ಪೂರ್ತಿ ಹಣವನ್ನು ಎನ್‌ಒಸಿ ಕೈಗೆ ಬಂದ ಮೇಲೆಯೇ ಕೊಡಬೇಕು. ಸಂಕೋಚಪಟ್ಟು ಮೊದಲೇ ಕೊಟ್ಟರೆ ಆಮೇಲೆ ಸಹಿಗಾಗಿ ಅಲೆಯುವವರು ನೀವೇ. ನೆಂಟರ ಮನೆಯ ವಿಳಾಸ ಕೊಟ್ಟು ಕರ್ನಾಟಕದಲ್ಲೇ ನೋಂದಣಿ ಉಳಿಸಿಕೊಳ್ಳುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ವಾಸವಿಲ್ಲದ ವಿಳಾಸದ ಮೇಲೆ ನಿಂತ ದಾಖಲೆ ಅಪಘಾತದ ದಿನ ನಿಮ್ಮ ಪರವಾಗಿ ನಿಲ್ಲುವುದಿಲ್ಲ.

ವಯಸ್ಸು ಮತ್ತು ಇಂಧನ

ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಬಾಳಿಕೆ. ಬಳಿಕ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ವಾಹನಗಳ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ ಹೆಚ್ಚಿಸಿದೆ. ಎರಡನೆಯ ತಲೆಮಾರಿನ ಮೊದಲ ಕಾರುಗಳು 2011ರವು; 2026ರಲ್ಲಿ ಅವುಗಳಿಗೆ 15 ತುಂಬುತ್ತದೆ. ಮೊದಲ ತಲೆಮಾರಿನದನ್ನಂತೂ ಓಡಿಸುವ ಅಕ್ಕರೆ ಇದ್ದವರು ಇಟ್ಟುಕೊಳ್ಳಲಿ, ಮಕ್ಕಳಿರುವ ಮನೆಗೆ ಹೊಸದಾಗಿ ತರುವುದು ಬೇಡ.

ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಇದಕ್ಕೆ ಹೊಂದುವ ಭಾಗಗಳಿವೆ. ಅದಕ್ಕಿಂತ ಹಳೆಯ ಕಾರುಗಳಲ್ಲಿ ರಬ್ಬರ್ ಕೊಳವೆ, ಸೀಲುಗಳ ಮೇಲೆ ಕಣ್ಣಿಡಬೇಕು, ಮೈಲೇಜೂ ಕುಗ್ಗುತ್ತದೆ. ಎಥನಾಲ್ ಬೆರೆಸದ ಪೆಟ್ರೋಲಿಗಾಗಿ ರೂಪಿಸಿ ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಕಾರು 15ಕ್ಕೆ ಇಳಿದಂತೆ.

ತಿಂಗಳಿಗೆ 800 ಕಿ.ಮೀ. ಓಡಾಟ ಇರುವ ಮನೆಯನ್ನು ಊಹಿಸಿಕೊಳ್ಳೋಣ. ವಾಸ್ತವದ ಓಡಾಟದಲ್ಲಿ ಹಳೆಯ ಪೆಟ್ರೋಲ್ ಕಾರು ಲೀಟರಿಗೆ 15, ಹೊಸದು 19 ಕೊಟ್ಟರೆ ಒಂದಕ್ಕೆ 53 ಲೀಟರ್, ಇನ್ನೊಂದಕ್ಕೆ 42 ಲೀಟರ್ ಬೇಕು. ತಿಂಗಳಿಗೆ 11 ಲೀಟರಿನ ಉಳಿತಾಯ ಸಣ್ಣದಲ್ಲ, ಆದರೆ ಹೊಸ ಕಾರಿನ ಸಾಲದ ಕಂತನ್ನು ಅದು ತೀರಿಸುವುದಿಲ್ಲ. ಮೈಲೇಜಿನ ಆಸೆಗೆ ಹೊಸ ಕಾರು ಕೊಳ್ಳುತ್ತೇವೆ ಎನ್ನುವವರು ಈ ಲೆಕ್ಕವನ್ನು ತಮ್ಮ ಓಡಾಟಕ್ಕೆ ತಕ್ಕಂತೆ ಮತ್ತೊಮ್ಮೆ ಹಾಕಿಕೊಳ್ಳಲಿ. (ಕರ್ನಾಟಕದ ಬಂಕುಗಳಲ್ಲಿ ಪೆಟ್ರೋಲು ಇಲ್ಲಿಗಿಂತ ಅಗ್ಗವಾದ್ದರಿಂದ ರಾಯಚೂರಿಗೆ ಹೋದವರು ಟ್ಯಾಂಕು ತುಂಬಿಸಿಕೊಂಡೇ ಮರಳುವುದು ನಮ್ಮಲ್ಲಿ ಹೊಸ ವಿದ್ಯೆಯೇನಲ್ಲ. ಅದಕ್ಕೆಂದೇ ಹೋಗಿಬಂದರೆ ಮಾತ್ರ ಉಳಿದದ್ದು ದಾರಿಯಲ್ಲೇ ಸುಟ್ಟುಹೋಗುತ್ತದೆ.)

ಡೀಸೆಲ್ ಕಾರಿನ ಇಂಧನದ ಖರ್ಚು ಕಡಿಮೆ ಎಂಬುದು ನಿಜ. ಮೂರನೆಯ ತಲೆಮಾರಿನ ಡೀಸೆಲ್ ಸ್ವಿಫ್ಟಿಗೆ ಕಂಪನಿ ಹೇಳಿದ್ದು ಲೀಟರಿಗೆ 28.4 ಕಿ.ಮೀ. ಆದರೆ ಇಂಜೆಕ್ಟರು, ಟರ್ಬೊ, ಕ್ಲಚ್ಚು ಕೈಕೊಟ್ಟರೆ ಹಲವು ತಿಂಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಡೀಸೆಲ್ ಕೊಂಡವರು ಹೆಚ್ಚು ಓಡಿಸುವವರೇ ಆಗಿದ್ದರು. ಆದ್ದರಿಂದ ಮೀಟರಿನಲ್ಲಿ 60,000 ಕಿ.ಮೀ. ಎಂದಿರುವ 2014ರ ಡೀಸೆಲ್ ಕಾರನ್ನು ಅನುಮಾನದಿಂದಲೇ ನೋಡಬೇಕು. ಕ್ಲಚ್ ಪೆಡಲಿನ ರಬ್ಬರು, ಚಾಲಕನ ಸೀಟಿನ ಅಂಚು, ಸ್ಟಿಯರಿಂಗಿನ ಹೊಳಪು ಮೀಟರಿಗಿಂತ ನಿಜ ಹೇಳುತ್ತವೆ. ಸರ್ವಿಸ್ ದಾಖಲೆಯಲ್ಲಿ ದಿನಾಂಕದ ಪಕ್ಕ ಕಿ.ಮೀ. ಬರೆದಿರುತ್ತಾರೆ, ಅದನ್ನು ಕೇಳಿ ಪಡೆಯಬೇಕು.

ನಾವಾದರೆ ಏನು ಮಾಡುತ್ತೇವೆ

ಕೈಯಲ್ಲಿ ಹಣ ಕಡಿಮೆ ಇದ್ದು ಒಂದೇ ಕಾರು ಹತ್ತು ವರ್ಷ ಬಾಳಬೇಕೆನ್ನುವ ಮನೆಗೆ ನಮ್ಮ ಸಲಹೆ 2021ರಿಂದ 2024ರವರೆಗಿನ ಪೆಟ್ರೋಲ್ ಸ್ವಿಫ್ಟ್, ತೆಲಂಗಾಣದ ಸಂಖ್ಯೆಯದು, ಸಾಧ್ಯವಾದರೆ 2023ರ ಏಪ್ರಿಲ್ ನಂತರದ್ದು. ವೇಗವೇ ಬೇಕೆಂದರೂ ನಾಲ್ಕು ತಲೆಮಾರಿನ ಪೆಟ್ರೋಲ್ ಕಾರುಗಳಲ್ಲಿ ಚುರುಕಿನದು ಇದೇ. ಬಜೆಟ್ ಇನ್ನೂ ಚಿಕ್ಕದಾದರೆ 2018ರವರೆಗೆ ಹಿಂದೆ ಹೋಗಬಹುದು. ಅದಕ್ಕಿಂತ ಹಿಂದೆ ಬೇಡ.

ಚಿಕ್ಕ ಮಕ್ಕಳಿದ್ದು ವಾರವಾರವೂ ಹೆದ್ದಾರಿ ಹಿಡಿಯುವ ಮನೆಯವರು, ಕಂತು ಕಟ್ಟುವ ಶಕ್ತಿ ಇದ್ದರೆ, ಹೊಸದನ್ನೇ ತರಲಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದು, ಮೇಲಿನ ಸೆಸ್ಸೂ ಹೋಗಿದೆ. ಸ್ವಿಫ್ಟ್ ಈ ಗುಂಪಿಗೇ ಸೇರುತ್ತದೆ. ಹಾಗಾಗಿ ಹಳೆಯ ಕಾರಿನ ಬೆಲೆ ಹೇಳುವವರು ಆ ದಿನಕ್ಕಿಂತ ಹಿಂದಿನ ಹೊಸ ಕಾರಿನ ಬೆಲೆಯನ್ನು ಅಳತೆಯಾಗಿ ಹಿಡಿದಿದ್ದರೆ ನೀವು ಚೌಕಾಸಿ ಮಾಡಲು ಒಳ್ಳೆಯ ಕಾರಣವಿದೆ. ಆರಂಭದ ಮಾದರಿಯಲ್ಲೂ ಆರು ಏರ್‌ಬ್ಯಾಗ್ ಇರುವುದರಿಂದ ಮೇಲಿನ ಮಾದರಿಯ ದೊಡ್ಡ ಪರದೆ, ಅಲಾಯ್ ಚಕ್ರಗಳಿಗಾಗಿ ಸಾಲ ಹೆಚ್ಚಿಸಿಕೊಳ್ಳುವುದು ಅನಾವಶ್ಯಕ.

ಇನ್ನೊಂದು ಮಾತು, ಶಾಲೆಗೆ ಸಂಬಂಧಿಸಿದ್ದು. ಒಂದೇ ಹಳ್ಳಿಯ ನಾಲ್ಕಾರು ಮಕ್ಕಳನ್ನು ಒಬ್ಬರ ಕಾರಿನಲ್ಲಿ ಕಳಿಸುವ ಏರ್ಪಾಡು ಕೆಲವೆಡೆ ಇದೆ. ನೆರೆಹೊರೆಯ ಸಹಾಯವಾಗಿ ಕರೆದೊಯ್ದರೆ ಅದು ಬೇರೆ. ತಿಂಗಳಿಗೆ ಇಷ್ಟೆಂದು ಬಾಡಿಗೆ ಪಡೆದರೆ ಬಿಳಿ ಬೋರ್ಡಿನ ಖಾಸಗಿ ಕಾರು ಪರ್ಮಿಟ್ ಇಲ್ಲದ ಬಾಡಿಗೆ ವಾಹನವಾಗುತ್ತದೆ, ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ಆಕ್ಷೇಪವೇ ಅದು. ಐದು ಸೀಟಿನ ಕಾರಿನಲ್ಲಿ ಎಂಟು ಮಕ್ಕಳು ಕುಳಿತಾಗ ಆರು ಏರ್‌ಬ್ಯಾಗುಗಳೂ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಏರ್‌ಬ್ಯಾಗ್ ಕೆಲಸ ಮಾಡುವುದು ಬೆಲ್ಟ್ ಕಟ್ಟಿ ನೆಟ್ಟಗೆ ಕುಳಿತ ದೇಹಕ್ಕೆ.

ಕಾರು ನೋಡಲು ಹೋಗುವ ದಿನ ಮನೆಯ ಐವರೂ ಹೋಗಿ. ಮಾರುವವರು ಸಾಮಾನ್ಯವಾಗಿ ಒಬ್ಬರನ್ನೇ ಕೂರಿಸಿಕೊಂಡು ಓಡಿಸಿ ತೋರಿಸುತ್ತಾರೆ. ಒಬ್ಬರಿದ್ದಾಗ ಯಾವ ಸ್ವಿಫ್ಟೂ ಹಾರುತ್ತದೆ. ಐದೂ ಜನ ಕುಳಿತು, ಎಸಿ ಹಾಕಿ, ಒಂದು ಏರು ಹತ್ತಿಸಿ ನೋಡಿ. ಬಳಿಕ ಹಿಂದಿನ ಸೀಟಿನ ನಡುವಿನ ಬೆಲ್ಟನ್ನು ಹೊರಗೆಳೆದು ಕೊಂಡಿಗೆ ಸಿಕ್ಕಿಸಿ. ಹಳೆಯ ಕಾರುಗಳಲ್ಲಿ ಅದು ಬಹುಮಟ್ಟಿಗೆ ಸೀಟಿನ ಸಂದಿಯಲ್ಲಿ, ಯಾರೂ ಮುಟ್ಟದೆ, ಧೂಳು ಹಿಡಿದು ಬಿದ್ದಿರುತ್ತದೆ.